ಸೆಕೆಂಡಿಗೆ ತೊಂಬತ್ತು ಸಲ ಮಲಗಿದ ಸೀಲ್

ನಮ್ಮ ಸಾವೊ ಸೀಮೆಯಲ್ಲಿ ‘ಹೌದು’ ಎಂದು ಯಾರೂ ಹೇಳುವುದಿಲ್ಲ. ‘ಇಲ್ಲ’ ಎಂದೂ ಹೇಳುವುದಿಲ್ಲ. ಬಸ್ಸು ಹೋಯಿತೇ ಎಂದು ನೀವು ನಿಲ್ದಾಣದಲ್ಲಿ ಕೇಳಿ ನೋಡಿ. “ಬಸ್ಸಿನಂಥದ್ದೇನೋ ಆ ಕಡೆ ಹೋದ ಹಾಗಿತ್ತಪ್ಪ. ಆದ್ರೂ ನಿಂತ್ರೆ ನಷ್ಟ ಏನಿಲ್ಲ, ಬಿಸಿಲು ಚೆನ್ನಾಗಿದೆ” ಎಂಬ ಉತ್ತರ ಸಿಗುತ್ತದೆ. ಹೊರಗಿನಿಂದ ಬಂದವರು ಇದನ್ನು ಕೇಳಿ ಹಲ್ಲು ಕಡಿಯುತ್ತಾರೆ. ಕಡಿಯಲಿ. ನೇರವಾಗಿ ಹೇಳಿಬಿಟ್ಟರೆ ಆಮೇಲೆ ಮಾತಾಡುವುದಕ್ಕೆ ಏನು ಉಳಿಯುತ್ತದೆ ಸ್ವಾಮಿ?

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ನನ್ನ ಎದುರುಮನೆಯ ತೈಸ್ತೊ ಪೆಸೊನೆನ್‌ಗೆ ಅವನ ಲ್ಯಾಪ್‌ಟಾಪು ಇದೇ ವಿಷಯದಲ್ಲಿ ಮೋಸ ಮಾಡಿತು. ಮೋಸ ಎನ್ನುವುದೂ ಪೂರ್ತಿ ಸರಿಯಲ್ಲವೇನೋ. ಅದು ಕೇಳಿತು, ಇವನು ಯೋಚಿಸಿದ.

ತೈಸ್ತೊಗೆ ಐವತ್ಮೂರು ವರ್ಷ, ಮದುವೆಯಾಗಿಲ್ಲ. ನಮ್ಮ ಊರು ಸಾವೊನ್‌ಲಿನ್ನದ ಬಂದರಿನಲ್ಲಿ ಸರೋವರದ ಹಡಗುಗಳಿಗೆ ಟಿಕೆಟ್ ಕೊಡುವ ಕೆಲಸ. ನಮ್ಮ ಭಾಷೆಯಲ್ಲಿ ತೈಸ್ತೊ ಎಂದರೆ ಸಮರ. ಇವನು ಸೊಳ್ಳೆಯ ಜೊತೆಗೂ ರಾಜಿ ಮಾಡಿಕೊಳ್ಳುವ ಆಸಾಮಿ. ಅವನ ಬದುಕಿನಲ್ಲಿ ಇದ್ದದ್ದು ಎರಡೇ ಸುಖ. ಒಂದು, ನಮ್ಮ ಸರೋವರದ ಸೀಲ್. ವಸಂತದಲ್ಲಿ ಹಿಮ ಕರಗಿದ ಮೇಲೆ ಆ ದಪ್ಪ ಮೈಯ ನೀರುಪ್ರಾಣಿ ಒಂದು ಬಂಡೆಯ ಮೇಲೆ ಬಂದು ಮಲಗುತ್ತದೆ. ಯಾರೋ ಪುಣ್ಯಾತ್ಮರು ಅಲ್ಲಿ ಒಂದು ಕ್ಯಾಮರಾ ಇಟ್ಟಿದ್ದಾರೆ, ಊರಿಗೆ ಊರೇ ಮನೆಯಲ್ಲಿ ಕೂತು ನೋಡುತ್ತದೆ. ಸೀಲ್ ಏನೂ ಮಾಡುವುದಿಲ್ಲ, ಮಲಗಿರುತ್ತದೆ. ಮೂರು ಗಂಟೆಗೊಮ್ಮೆ ಹೊಟ್ಟೆ ಕೆರೆದುಕೊಂಡರೆ ಮಾರನೆಯ ದಿನ ಪೇಟೆಯಲ್ಲೆಲ್ಲ ಅದೇ ಸುದ್ದಿ.

ಇನ್ನೊಂದು ಸುಖ ತಾರ್ಯಾ ರಿಂತಲ, ನಮ್ಮ ಕಟ್ಟಡದ ಮೂರನೇ ಮಹಡಿಯವಳು. ಆರು ವರ್ಷದ ಹಿಂದೆ ಪಶ್ಚಿಮದ ಬಯಲುಸೀಮೆಯಿಂದ ಇಲ್ಲಿನ ಕನ್ನಡಕದ ಅಂಗಡಿಗೆ ಕಣ್ಣು ಪರೀಕ್ಷೆ ಮಾಡಲು ಬಂದಳು. ಆ ಸೀಮೆಯವರ ಮಾತು ಅವರ ರಸ್ತೆಯ ಹಾಗೆ, ತಿರುವೇ ಇಲ್ಲ. ಪಾಪ, ಅಂಥವಳಿಗೆ ನಮ್ಮ ಊರಿನಲ್ಲಿ ಎಂಥ ಕೆಲಸ ನೋಡಿ. ಜನರನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಾಯಿಸಿ, “ಮೊದಲನೇದು ಚೆನ್ನಾಗಿ ಕಾಣುತ್ತೋ, ಎರಡನೇದೋ?” ಎಂದು ಕೇಳಬೇಕು. ನಮ್ಮವರು, “ಮೊದಲನೇದನ್ನ ಕೆಟ್ಟದು ಅನ್ನೋಕೆ ನಾನ್ಯಾರಮ್ಮ?” ಎನ್ನುತ್ತಾರೆ. “ಎರಡನೇದರಲ್ಲೂ ಏನೋ ಒಂದು ಒಳ್ಳೇತನ ಇದೆ” ಎನ್ನುತ್ತಾರೆ. ಆರು ವರ್ಷ ಹೀಗೇ ನಡೆದಿದೆ. ಊರಿನಲ್ಲಿ ಅರ್ಧ ಜನ ತಪ್ಪು ಕನ್ನಡಕ ಹಾಕಿಕೊಂಡು ಸಂತೋಷವಾಗಿ ಓಡಾಡುತ್ತಿದ್ದೇವೆ.

ಪ್ರತಿ ಭಾನುವಾರ ಮಧ್ಯಾಹ್ನ ತಾರ್ಯಾ ತೈಸ್ತೊನ ಮನೆಗೆ ಬರುತ್ತಿದ್ದಳು. ಇಬ್ಬರೂ ಕಾಫಿ ಕುಡಿಯುತ್ತ ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಸೀಲ್ ನೋಡುತ್ತಿದ್ದರು. ಕಿಟಕಿಯಲ್ಲಿ ಸರೋವರ, ಪರದೆಯಲ್ಲಿ ಸರೋವರ, ನಡುವೆ ಇವರಿಬ್ಬರು. ಇದನ್ನು ಪ್ರೀತಿ ಎನ್ನಬಹುದೇ ಎಂದು ನನ್ನನ್ನು ಕೇಳಬೇಡಿ, ನಾನೂ ಸಾವೊ ಸೀಮೆಯವನೇ.

ಮೇ ತಿಂಗಳ ಮೊದಲ ಗುರುವಾರ, ನಮ್ಮ ಕಟ್ಟಡದವರ ಸೌನಾ, ಅಂದರೆ ವಾರದ ಹಬೆಸ್ನಾನ, ಮುಗಿದ ಮೇಲೆ, ಇಬ್ಬರೂ ಸರೋವರದ ಕಟ್ಟೆಯ ಬೆಂಚಿನ ಮೇಲೆ ಮೈ ಆರಿಸಿಕೊಳ್ಳುತ್ತ ಕೂತಿದ್ದರು. ನಾನು ಪಕ್ಕದಲ್ಲೇ ಗಾಳ ಹಾಕಿಕೊಂಡು ಕೂತಿದ್ದೆ. ಕಿವಿ ನನ್ನದೇ, ಬಿಚ್ಚಿಟ್ಟು ಬರುವುದಕ್ಕಾಗುತ್ತದೆಯೇ? ನೀರು ಅಲುಗದೆ ನಿಂತಿತ್ತು. ಬರ್ಚ್ ಮರಗಳಿಗೆ ಆಗತಾನೇ ಹಸಿರು ಹೊಗೆಯಾಡಿದ ಹಾಗೆ ಎಲೆ ಬರುತ್ತಿತ್ತು.

“ತೈಸ್ತೊ, ಲಾಪುವಾ ಊರಿನ ಕನ್ನಡಕದ ಅಂಗಡಿಯವರು ನನ್ನ ಕರೀತಿದ್ದಾರೆ,” ಎಂದಳು ತಾರ್ಯಾ. “ನಮ್ಮೂರ ಪಕ್ಕದಲ್ಲೇ. ಹದಿನೈದು ದಿನದಲ್ಲಿ ಹೇಳ್ಬೇಕಂತೆ. ಹೋಗ್ಲೋ, ಬೇಡ್ವೋ?”

ತೈಸ್ತೊ ನೀರು ನೋಡಿದ. ದೂರದಲ್ಲಿ ಒಂದು ದೋಣಿ ಇತ್ತು, ಅದು ದ್ವೀಪದ ಹಿಂದೆ ಮರೆಯಾಗುವವರೆಗೂ ನೋಡಿದ.

“ಲಾಪುವಾದಲ್ಲಿ ರೈಲು ನಿಲ್ಲುತ್ತೆ ಅಂತ ಕೇಳಿದೀನಿ,” ಎಂದ.

“ನಿಲ್ಲುತ್ತೆ.”

“ರೈಲಿದ್ರೆ ಹೋಗೋಕೂ ಆಗುತ್ತೆ, ಬರೋಕೂ ಆಗುತ್ತೆ.”

“ನಾನು ರೈಲಿನ ವಿಷಯ ಕೇಳ್ಲಿಲ್ಲ ಮಾರಾಯ!” ತಾರ್ಯಾ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡಳು. “ಇನ್ನೊಂದು ಹೇಳ್ತೀನಿ. ನಿನ್ನ ಆ ಲ್ಯಾಪ್‌ಟಾಪ್ ನೋಡಿ ನೋಡಿ ನನ್ನ ಕಣ್ಣು ಸೋತುಹೋಗಿದೆ. ಅದು ಸೆಕೆಂಡಿಗೆ ಅರವತ್ತು ಸಲ ಮಾತ್ರ ಚಿತ್ರ ಬರೀತದೆ. ಈಗಿನವು ನೂರಿಪ್ಪತ್ತು ಸಲ ಬರೀತಾವೆ, ನೀರು ಹರಿದ ಹಾಗೆ ಕಾಣುತ್ತೆ.” ಹೀಗೆಂದು ಹೊರಟುಹೋದಳು.

ನಾನು ತೈಸ್ತೊನ ಮುಖ ನೋಡಿದೆ. ಅವನ ಕಣ್ಣಿನಲ್ಲಿ ನೀರಿತ್ತು. ಮಹಾರಾಯ ಅವಳ ಎರಡು ಮಾತುಗಳಲ್ಲಿ ಸುಲಭವಾದದ್ದನ್ನು ಆರಿಸಿಕೊಂಡಿದ್ದ.

“ಅರ್ವೋ,” ಎಂದ ನನಗೆ, “ಪರದೆ ಸರಿಹೋದ್ರೆ ಅವಳು ಹೋಗಲ್ಲ ಅನ್ಸುತ್ತೆ.”

“ಬಾಯಿಬಿಟ್ಟು ಹೋಗ್ಬೇಡ ಅಂದ್ರೆ?”

“ಅಯ್ಯೋ, ಅಷ್ಟು ಒರಟಾಗಿ ಹೇಗೋ ಹೇಳೋದು?”

ಅದೂ ನಿಜವೇ ಅನ್ನಿ.

ಮಾರನೆಯ ದಿನ ತೈಸ್ತೊ ಅಂತರ್ಜಾಲದಲ್ಲಿ ಹುಡುಕಿ ಒಂದು ಉಪಾಯ ಪತ್ತೆಮಾಡಿದ. ಹಳೆಯ ಪರದೆಯನ್ನೇ ಕಾರ್ಖಾನೆಯವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸಬಹುದಂತೆ. ಒಂದು ಚಿಕ್ಕ ಪ್ರೋಗ್ರಾಮು ಹಾಕಿಕೊಂಡು, ಅರವತ್ತು ಇದ್ದಲ್ಲಿ ಬೇಕಾದ ಅಂಕಿ ಬರೆದರೆ ಆಯಿತು. ಪರದೆ ತಡೆದುಕೊಂಡರೆ ತಡೆದುಕೊಂಡಿತು, ಇಲ್ಲವಾದರೆ ಕಪ್ಪಾಗುತ್ತದೆ, ಗ್ರಹಚಾರ ಕೆಟ್ಟರೆ ಸತ್ತೇಹೋಗುತ್ತದೆ ಎಂದೂ ಬರೆದಿತ್ತು. ತೈಸ್ತೊ ಲ್ಯಾಪ್‌ಟಾಪಿನ ಪಕ್ಕದಲ್ಲಿ ಒದ್ದೆ ಟವೆಲ್ ಇಟ್ಟುಕೊಂಡ. ನನ್ನ ಕೈಗೆ ಒಂದು ಬಕೆಟ್ ನೀರು ಕೊಟ್ಟ. ನಾವು ಸುರಕ್ಷತೆಯನ್ನು ಹಗುರವಾಗಿ ತೆಗೆದುಕೊಳ್ಳುವ ಜನವಲ್ಲ.

ನೂರಿಪ್ಪತ್ತು ದುರಾಸೆಯಾಯಿತು ಎಂದು ತೊಂಬತ್ತು ಬರೆದ. ಒತ್ತಿದ. ಪರದೆ ಕಪ್ಪಾಯಿತು. ನಾನು ಬಕೆಟ್ ಎತ್ತಿದೆ. ಅಷ್ಟರಲ್ಲಿ ಚಿತ್ರ ಬಂತು, ಜೊತೆಗೆ ನಡುವೆ ಒಂದು ಚಿಕ್ಕ ಚೌಕ ಮೂಡಿತು. ‘ಈ ಬದಲಾವಣೆಯನ್ನು ಉಳಿಸಿಕೊಳ್ಳಬೇಕೇ?’ ಎಂದು ಅದರಲ್ಲಿತ್ತು. ಕೆಳಗೆ ಎರಡು ಬಟನ್ನು, ಒಂದು ‘ಉಳಿಸು’, ಇನ್ನೊಂದು ‘ಬೇಡ’. ಪಕ್ಕದಲ್ಲಿ ಹದಿನೈದು, ಹದಿನಾಲ್ಕು, ಹದಿಮೂರು ಎಂದು ಲೆಕ್ಕ ಇಳಿಯುತ್ತಿತ್ತು.

ತೈಸ್ತೊ ಕುರ್ಚಿಗೆ ಒರಗಿಕೊಂಡ. “ಏನಂತೀಯ?”

“ಉಳಿಸ್ಕೊಳ್ಳೋದು ತಪ್ಪು ಅಂತೇನೂ ಅನ್ಸಲ್ಲ,” ಎಂದೆ.

“ಬೇಡ ಅನ್ನೋದಕ್ಕೂ ಬಲವಾದ ಕಾರಣ ಕಾಣ್ತಿಲ್ಲ.”

“ಹಾಗಂತ ಈಗಲೇ ಒಪ್ಕೊಂಡುಬಿಟ್ರೆ ಅದಕ್ಕೆ ನಾವು ತುಂಬ ಆತುರದವರು ಅನ್ಸುತ್ತೇನೋ.”

“ಅದೇ ನೋಡು.”

ಲೆಕ್ಕ ಸೊನ್ನೆಗೆ ಬಂತು. ಪರದೆ ಇನ್ನೊಮ್ಮೆ ಮಿಟುಕಿತು. ಚೌಕ ಮಾಯವಾಯಿತು.

“ಒಪ್ಕೊಂಡಿತು,” ಎಂದ ತೈಸ್ತೊ ಸಮಾಧಾನದಿಂದ. “ಜಾಸ್ತಿ ಒತ್ತಾಯ ಮಾಡ್ಲಿಲ್ಲ, ಒಳ್ಳೇ ಯಂತ್ರ.”

ನಮ್ಮಲ್ಲಿ ಯಾರೂ ಏನೂ ಹೇಳದಿದ್ದರೆ ವಿಷಯ ಒಪ್ಪಿಗೆಯಾಯಿತು ಎಂದೇ ಅರ್ಥ. ಲ್ಯಾಪ್‌ಟಾಪಿನ ಸೀಮೆಯಲ್ಲಿ ಬೇರೆ ಪದ್ಧತಿ. ಹದಿನೈದು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಅದು ಸದ್ದಿಲ್ಲದೆ ಹಳೆಯ ಅರವತ್ತಕ್ಕೇ ಮರಳುತ್ತದೆ. ಮರಳಿಯೂ ಆಗಿತ್ತು. ಈ ವಿಷಯ ನನಗೂ ಅವನಿಗೂ ಗೊತ್ತಾದದ್ದು ಹದಿನಾಲ್ಕು ದಿನದ ಮೇಲೆ.

ಆ ಹದಿನಾಲ್ಕು ದಿನ ಎಂಥ ದಿನಗಳು! ಸುಳ್ಳು ಯಾಕೆ ಹೇಳಲಿ, ನನಗೂ ಎಲ್ಲ ನಯವಾಗಿ ಕಂಡಿತು. ತೈಸ್ತೊ ಸೀಲ್ ಕ್ಯಾಮರಾ ಹಾಕಿದ. ಬಂಡೆಯ ಮೇಲೆ ಸೀಲ್ ಮಲಗಿತ್ತು. ನಾವು ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ನೋಡಿದೆವು. ಅದು ಒಂದಿಷ್ಟೂ ಅಲುಗಲಿಲ್ಲ, ಆದರೆ ಎಷ್ಟು ಚೆನ್ನಾಗಿ ಅಲುಗಲಿಲ್ಲ ಅಂತೀರಿ!

“ಸೆಕೆಂಡಿಗೆ ತೊಂಬತ್ತು ಸಲ ಮಲಗ್ತಾ ಇದೆ ಕಣೋ,” ಎಂದ ತೈಸ್ತೊ ಪಿಸುದನಿಯಲ್ಲಿ.

ಅಲ್ಲಿಂದ ಅವನು ಲೋಕವನ್ನು ನೋಡುವ ರೀತಿಯೇ ಬದಲಾಯಿತು. ಬಂದರಿನಲ್ಲಿ ಟಿಕೆಟ್ ಕೊಡುವುದು ಬಿಟ್ಟು ನೀರುಹಕ್ಕಿಗಳು ತಿರುಗುವುದನ್ನು ನೋಡುತ್ತ ನಿಲ್ಲುತ್ತಿದ್ದ. ಹಡಗಿನ ಹೊಗೆ ನೀರಿನ ಮೇಲೆ ಉದ್ದಕ್ಕೆ ಮಲಗಿಕೊಂಡು ಹೋಗುವುದು, ಅಲೆ ಬಂದು ಕಲ್ಲನ್ನು ಮುಟ್ಟಿ ಏನೋ ನೆನಪಾದ ಹಾಗೆ ಹಿಂದಕ್ಕೆ ಸರಿಯುವುದು, ಎಲ್ಲ ಅವನಿಗೆ ಹೊಸದು. ತಾರ್ಯಾ ಸೈಕಲ್ಲಿನಲ್ಲಿ ಇಳಿಜಾರು ಇಳಿದು ಬಂದರೆ ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದ. “ಇದು ಅರವತ್ತಲ್ಲಪ್ಪ, ತೊಂಬತ್ತಕ್ಕೆ ಕಮ್ಮಿ ಇಲ್ಲ,” ಎನ್ನುತ್ತಿದ್ದ. ಹಡಗು ತಪ್ಪಿಸಿಕೊಂಡ ಪ್ರವಾಸಿಗಳು ಬೈಯುತ್ತಿದ್ದರು.

ಸುದ್ದಿ ಮೆಟ್ಟಿಲಿಳಿಯಿತು. ಮೊದಲು ಬಂದವಳು ಕೆಳಮನೆಯ ಲೆಂಪಿ ಅಜ್ಜಿ. ಎಂಬತ್ತೆರಡು ವರ್ಷ, ಹಾಕಿಕೊಂಡಿರುವುದು ಮೇಲೆ ಹೇಳಿದ ಥರದ ಕನ್ನಡಕ. ಪರದೆಯ ಮುಂದೆ ಕೂತವಳು ಎರಡು ಗಂಟೆ ಏಳಲಿಲ್ಲ.

“ಹೋದ ವರ್ಷವೂ ಇದೇ ಸೀಲ್ ನೋಡಿದ್ದೆ ಕಣಪ್ಪ,” ಎಂದಳು. “ಆಗ ಇಷ್ಟು ನೆಮ್ಮದಿಯಾಗಿ ಮಲಗ್ತಿರಲಿಲ್ಲ. ಪಾಪ, ಏನೋ ಚಿಂತೆ ಇದ್ದ ಹಾಗಿತ್ತು.”

ಆಮೇಲೆ ಅಜ್ಜಿ ದಿನಾ ಹೆಣಿಗೆ ತಗೊಂಡು ಬರತೊಡಗಿದಳು. ಅವಳ ಹಿಂದೆ ಮೊದಲ ಮಹಡಿಯವರು ಬಂದರು. ಬಂದವರೆಲ್ಲ ನೋಡಿ, ಹೂಂ ಎಂದು, “ವ್ಯತ್ಯಾಸ ಇಲ್ಲ ಅನ್ನೋ ಹಾಗಿಲ್ಲ” ಎಂದು ಹೇಳಿ ಕಾಫಿ ಕುಡಿದು ಹೋದರು. ಕ್ವೊಪಿಯೊ ಊರಿನಿಂದ ತೈಸ್ತೊನ ಅಕ್ಕ ಫೋನ್ ಮಾಡಿ ಕಿರುಚಿದಳು. “ತೊಂಬತ್ತಾ? ನಮ್ಮಪ್ಪ ಜನ್ಮದಲ್ಲಿ ಕಾರನ್ನೇ ಎಂಬತ್ತು ದಾಟಿಸಿದೋನಲ್ಲ! ಯಾರ ಸಹವಾಸ ಮಾಡಿದ್ದೀಯೋ?”

ಬಾರದವಳು ತಾರ್ಯಾ ಒಬ್ಬಳೇ. ಆ ಭಾನುವಾರವೂ ಬರಲಿಲ್ಲ, ಮುಂದಿನ ಭಾನುವಾರವೂ ಬರಲಿಲ್ಲ. ಮೂರನೇ ಮಹಡಿಯಲ್ಲಿ ಅವಳ ಬಾಗಿಲ ಹೊರಗೆ ಮಡಚಿದ ರಟ್ಟಿನ ಪೆಟ್ಟಿಗೆಗಳು ಕಾಣಿಸಿಕೊಂಡವು. ಅದನ್ನು ನೋಡಿ ಬಂದ ದಿನ ತೈಸ್ತೊ ಊಟ ಬಿಟ್ಟ.

“ಹೋಗಿ ಹೇಳೋ,” ಎಂದೆ.

“ಪರದೆ ನೋಡಿದ್ರೆ ಅವಳಿಗೇ ಗೊತ್ತಾಗುತ್ತೆ.”

“ನೋಡೋಕೆ ಬಾ ಅಂತಾದ್ರೂ ಕರಿ.”

“ಕರೆದ್ರೆ, ಯಾಕೆ ಅಂತ ಕೇಳ್ತಾಳಲ್ಲ?”

ಇತ್ತ ಕೌಕೊ ಲಾಮನೆನ್ ಎದ್ದು ನಿಂತ. ಕೌಕೊ ನಮ್ಮ ಕಟ್ಟಡದ ಸಂಘದ ಅಧ್ಯಕ್ಷ, ಮೂವತ್ತೈದು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ನಿವೃತ್ತನಾದವನು. ಗುರುವಾರ ಕರೆಂಟಿನ ಸೌನಾ ಎಂದಿನಷ್ಟು ಬಿಸಿಯಾಗಲಿಲ್ಲ ಎಂಬುದು ಅವನ ದೂರು. ಅವನು ನನ್ನನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದ.

“ಗೋಡೆಯಿಂದ ಬರೋ ಕರೆಂಟು ಸೆಕೆಂಡಿಗೆ ಐವತ್ತು ಸಲ ಕುಣಿಯುತ್ತೆ. ಐವತ್ತು ಅಂದ್ರೆ ಐವತ್ತು. ಇವನ ಮನೇಲಿ ತೊಂಬತ್ತು ಕುಣೀತಿದೆ. ಉಳಿದ ನಲವತ್ತು ಯಾರ ಮನೆಯಿಂದ ಬಂತು?”

“ಮೊದಲು ಅರವತ್ತಿತ್ತಲ್ಲ ಅಧ್ಯಕ್ಷರೇ, ಆಗಲೂ ಹತ್ತು ಹೆಚ್ಚೇ ಇತ್ತು.”

“ಹತ್ತಾದ್ರೆ ಅಕ್ಕಪಕ್ಕದವರು ಹೊಂದ್ಕೊಂಡು ಹೋಗ್ಬಹುದಪ್ಪ. ನಲವತ್ತು?”

ಅವನು ವಿದ್ಯುತ್ ಕಚೇರಿಗೆ ಫೋನ್ ಮಾಡಿದ. ಅಲ್ಲಿನ ಹುಡುಗಿ ಎರಡಕ್ಕೂ ಸಂಬಂಧವೇ ಇಲ್ಲ ಎಂದಳಂತೆ. “ಇಲ್ಲ ಅಂತ ಅಷ್ಟು ಬೇಗ ಹೇಳಿದ್ಳು ಅಂದ್ರೆ ಏನೋ ಮುಚ್ಚಿಡ್ತಿದ್ದಾಳೆ,” ಎಂದು ಕೌಕೊ ನಿರ್ಧರಿಸಿದ. ಸಂಜೆ ಮೆಟ್ಟಿಲ ಬಳಿ ಒಂದು ನೋಟೀಸು ಅಂಟಿತು. ‘ಯಾರ ಹೆಸರನ್ನೂ ಎತ್ತದೆ ತಿಳಿಸುವುದೇನೆಂದರೆ, ಎರಡನೇ ಮಹಡಿಯ ಬಲಗಡೆ, ಬಾಗಿಲ ಮೇಲೆ ಪೆಸೊನೆನ್ ಎಂದು ಬರೆದಿರುವ ಮನೆಯಲ್ಲಿ, ಏನೋ ಒಂದು ತೊಂಬತ್ತರಲ್ಲಿ ಓಡುತ್ತಿರುವಂತೆ ತೋರುತ್ತದೆ. ಶುಕ್ರವಾರ ಅಂಗಳ ಗುಡಿಸಿದ ನಂತರ ಎಲ್ಲರ ಮುಂದೆ ವಿಚಾರ ಮಾಡಲಾಗುವುದು.’

ಶುಕ್ರವಾರ ಎಂದರೆ ಹದಿನೈದನೆಯ ದಿನ.

ವರ್ಷಕ್ಕೊಮ್ಮೆ ವಸಂತದಲ್ಲಿ ನಾವು ಕಟ್ಟಡದವರೆಲ್ಲ ಸೇರಿ ಕೂಲಿಯಿಲ್ಲದೆ ಅಂಗಳದ ಹಳೆಯ ಎಲೆ ಗುಡಿಸುತ್ತೇವೆ. ಬರಲೇಬೇಕು ಎಂದು ನಿಯಮವಿಲ್ಲ, ಆದರೆ ಬಾರದವರನ್ನು ಮುಂದಿನ ವಸಂತದವರೆಗೂ ಮರೆಯುವುದಿಲ್ಲ. ಗುಡಿಸಿ ಆದಮೇಲೆ ಬೆಂಕಿಯಲ್ಲಿ ಸುಟ್ಟ ಸಾಸೇಜು, ಏಲಕ್ಕಿ ಬನ್ನು, ಕಾಫಿ. ಸಂಜೆ ಆರಾಗಿದ್ದರೂ ಬಿಸಿಲು ಮಧ್ಯಾಹ್ನದ ಹಾಗೇ ಇತ್ತು, ಮರದ ಎಲೆಗಳ ನಡುವಿನಿಂದ ಇಳಿದು ಮೇಜಿನ ಮೇಲೆ ಆಡುತ್ತಿತ್ತು. ತಾರ್ಯಾಳೂ ಬಂದು ಗುಡಿಸಿದಳು. ಗುಡಿಸುವಾಗ ಯಾರ ಜೊತೆಗೂ ಮಾತಾಡಲಿಲ್ಲ.

ಕೌಕೊನ ಆಜ್ಞೆಯಂತೆ ತೈಸ್ತೊ ಲ್ಯಾಪ್‌ಟಾಪನ್ನು ಅಂಗಳಕ್ಕೆ ತಂದು ಮೇಜಿನ ಮೇಲೆ ಇಟ್ಟ. ಬಿಸಿಲಿಗೆ ಪರದೆ ಕಾಣಲಿಲ್ಲವೆಂದು ನಾಲ್ಕು ಜನ ಕೋಟು ಬಿಚ್ಚಿ ಚಪ್ಪರದ ಹಾಗೆ ಹಿಡಿದರು. ಸೀಲ್ ಮಲಗಿತ್ತು. ಕೌಕೊ ನಡಾವಳಿಯ ಪುಸ್ತಕ ತೆರೆದ.

“ಒಂದು ಮನೆಗೆ ಎಷ್ಟರವರೆಗೆ ಓಡಿಸ್ಬಹುದು ಅಂತ ಗೊತ್ತು ಮಾಡ್ಬೇಕು. ನನ್ನ ಪ್ರಕಾರ ಎಪ್ಪತ್ತು.”

“ಎಪ್ಪತ್ತಕ್ಕಿಳಿಸಿದ್ರೆ ಸೀಲ್‌ಗೆ ಎಚ್ಚರ ಆಗುತ್ತೆ ಕಣಯ್ಯ!” ಲೆಂಪಿ ಅಜ್ಜಿ ಹೆಣಿಗೆ ಸೂಜಿ ಎತ್ತಿದಳು. “ಅದು ಬಿದ್ದುಗಿದ್ದು ಹೋದ್ರೆ ನೀನು ಜವಾಬ್ದಾರನಾ?”

“ಅಜ್ಜಿ, ಸೌನಾ ತಣ್ಣಗಾಗ್ತಿದೆ!”

“ನಿನಗೆ ವಯಸ್ಸಾಯ್ತು, ಅದಕ್ಕೆ ಚಳಿ.”

ಮೊದಲ ಮಹಡಿಯವರು ಇಡೀ ಕಟ್ಟಡಕ್ಕೇ ತೊಂಬತ್ತು ಹಾಕಿಸಿದರೆ ಹೇಗಿರುತ್ತದೆ ಎಂದು ಕೇಳಿದರು. ಗಲಾಟೆ ಏರಿತು. ತೈಸ್ತೊಗೆ ಇದಾವುದೂ ಕೇಳಿಸುತ್ತಿರಲಿಲ್ಲ. ಅವನು ಕೋಟಿನ ಚಪ್ಪರದ ಕೆಳಗಿನಿಂದ ತಾರ್ಯಾಳನ್ನೇ ನೋಡುತ್ತಿದ್ದ. ಅವಳು ಕಡೆಗೂ ಕಸಬರಿಕೆ ಮರಕ್ಕೆ ಒರಗಿಸಿ ಹತ್ತಿರ ಬಂದಳು. ಬಗ್ಗಿದಳು. ಬಹಳ ಹೊತ್ತು ನೋಡಿದಳು. ತೈಸ್ತೊನ ಮುಖದಲ್ಲಿ ಎಂಥ ಆಸೆ ಇತ್ತೆಂದರೆ ನನಗೆ ಬೇರೆ ಕಡೆ ತಿರುಗಬೇಕಾಯಿತು.

ತಾರ್ಯಾ ಎರಡು ಕಡೆ ಒತ್ತಿ ಏನೋ ತೆರೆದು ನೋಡಿದಳು.

“ಇದು ಅರವತ್ತರಲ್ಲೇ ಇದೆ,” ಎಂದಳು.

ಒಬ್ಬರ ಕೈಯಿಂದ ಕೋಟು ಜಾರಿತು.

“ಮತ್ತೆ... ನಯವಾಗಿ...” ಎಂದಳು ಲೆಂಪಿ ಅಜ್ಜಿ.

“ಅಜ್ಜಿ, ಆ ಕ್ಯಾಮರಾ ಕಳಿಸೋದೇ ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಪರದೆ ಒಂಬೈನೂರು ಓಡಿದ್ರೂ ಅಷ್ಟೇ. ಮೇಲಾಗಿ ಸೀಲ್ ಅಲುಗ್ತಾನೇ ಇಲ್ಲ!” ತಾರ್ಯಾ ತೈಸ್ತೊನ ಕಡೆ ತಿರುಗಿದಳು. “ಹಾಕಿದಾಗ, ಉಳಿಸ್ಬೇಕೋ ಬೇಡ್ವೋ ಅಂತ ಕೇಳ್ತಲ್ಲ, ಏನು ಒತ್ತಿದೆ?”

“ಒತ್ತೋದು ಅಂತ... ಅಷ್ಟು ನೇರವಾಗಿ...”

“ಹದಿನೈದು ಸೆಕೆಂಡು ಕೊಟ್ಟಿತ್ತು. ಏನು ಮಾಡಿದೆ?”

“ಯೋಚಿಸ್ದೆ.”

“ಸರಿ.” ತಾರ್ಯಾ ನೆಟ್ಟಗೆ ನಿಂತಳು. “ನಾನು ನಿನಗೆ ಹದಿನೈದು ದಿನ ಕೊಟ್ಟಿದ್ದೆ. ಇವತ್ತಿಗೆ ಮುಗೀತು. ನಾನೂ ಹಿಂದಕ್ಕೇ ಹೋಗ್ತೀನಿ.”

ಅವಳು ಕಸಬರಿಕೆ ತೆಗೆದುಕೊಂಡು ಬಾಗಿಲ ಕಡೆ ಹೊರಟಳು. ಎಲೆಯ ನೆರಳು ಅವಳ ಬೆನ್ನ ಮೇಲೆ ಹರಿದುಹೋಗುತ್ತಿತ್ತು, ಒಂದೊಂದು ಹೆಜ್ಜೆಯೂ ಕನಸಿನಲ್ಲಿ ಇಟ್ಟ ಹಾಗೆ ನಿಧಾನವಾಗಿ ಕಂಡಿತು. ತೈಸ್ತೊ ಬಾಯಿ ತೆರೆದ. ರೈಲಿನ ವಿಷಯ ಎತ್ತುತ್ತಾನೆ ಎಂದು ನನಗೆ ಭಯವಾಯಿತು. ಅವಳ ಕೈ ಬಾಗಿಲ ಹಿಡಿಯನ್ನು ಮುಟ್ಟಿತು.

“ಹೋಗ್ಬೇಡ!” ಎಂದ ತೈಸ್ತೊ.

ನನಗೆ ಅರವತ್ತೆಂಟು ವರ್ಷ. ಈ ಸೀಮೆಯಲ್ಲಿ, ಹತ್ತು ಜನರ ಮುಂದೆ, ಹಿಂದೆ ಮುಂದೆ ಏನೂ ಇಲ್ಲದ ಒಂದೇ ಮಾತನ್ನು ಯಾರಾದರೂ ಹೀಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಲೆಂಪಿ ಅಜ್ಜಿ ಎದೆ ಹಿಡಿದುಕೊಂಡಳು. ಮೊದಲ ಮಹಡಿಯವರು ನಾಚಿಕೊಂಡು ಸರೋವರದ ಕಡೆ ನೋಡಿದರು. ಕೌಕೊ ಪೆನ್ನು ಹಿಡಿದು, “ಇದನ್ನ ಹೇಗಪ್ಪ ಬರ್ಕೊಳ್ಳೋದು?” ಎಂದು ನನ್ನ ಕಿವಿಯಲ್ಲಿ ಕೇಳಿದ.

“ಹೋಗ್ಬೇಡ ತಾರ್ಯಾ,” ಎಂದ ತೈಸ್ತೊ ಮತ್ತೆ. “ನೀನಿಲ್ದೆ ನನ್ನ ಕೈಲಿ ಇರೋಕಾಗಲ್ಲ.”

ತಾರ್ಯಾ ಹಿಂದಿರುಗಿ ನೋಡಿದಳು. ಕಿವಿಯವರೆಗೂ ಕೆಂಪೇರಿದ್ದಳು. ಕಸಬರಿಕೆಯ ಹಿಡಿಯನ್ನು ಉಜ್ಜುತ್ತ, ಆಕಾಶ ನೋಡುತ್ತ, ಮೆಲ್ಲಗೆ ಮೇಜಿನ ಹತ್ತಿರ ಬಂದಳು.

“ಇಲ್ಲೇ ಇದ್ರೆ ಆಗೋದೇ ಇಲ್ಲ ಅನ್ನೋ ಹಾಗೇನೂ ಇಲ್ಲ,” ಎಂದಳು. “ಬೇಸಿಗೆ ಬೇರೆ ಬರ್ತಾ ಇದೆ.”

ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ಉಸಿರುಬಿಟ್ಟೆವು. ಲೆಂಪಿ ಅಜ್ಜಿ ಕಣ್ಣೊರೆಸಿಕೊಂಡಳು. ಕೌಕೊ ಪುಸ್ತಕ ಮುಚ್ಚಿ ಹೊಸದಾಗಿ ಕಾಫಿ ಬಗ್ಗಿಸತೊಡಗಿದ. ತಿಳಿಯದೆ ಉಳಿದವನು ತೈಸ್ತೊ ಒಬ್ಬನೇ. ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡು ಕೂಗಿದ.

“ಅಂದ್ರೆ ಹೌದೋ, ಅಲ್ವೋ? ಸರಿಯಾಗಿ ಹೇಳು ಮಾರಾಯ್ತಿ!”

ತಾರ್ಯಾ ಅವನ ಪಕ್ಕದಲ್ಲಿ ಕೂತಳು, ಒಂದು ಬನ್ನು ಮುರಿದು ಅರ್ಧ ಅವನ ಮುಂದಿಟ್ಟಳು.

“ಅವಸರ ಏನು?” ಎಂದಳು. “ಇಲ್ಲೇ ಇರ್ತೀನಲ್ಲ, ಯಾವಾಗ್ಲಾದ್ರೂ ಹೇಳ್ತೀನಿ.”